ಥಂಡಿ, ಫ್ಯಾನು ಮತ್ತು ಮಾವನ ನಿದ್ದೆ

ನಿಮ್ಮ ಮನೆಯಲ್ಲೂ ಇವತ್ತು ಫ್ಯಾನಿಗಾಗಿ ಜಗಳವಾಯಿತೇ, ಸ್ನೇಹಿತರೇ? ಮಹಾರಾಷ್ಟ್ರದ ನಮ್ಮ ಮಗ್ಗದೂರು ಇಚಲಕರಂಜಿಗೆ ಥಂಡಿ ಬಂದೇ ಬಿಟ್ಟಿದೆ. ಬೆಳಿಗ್ಗೆ ಕೊಬ್ಬರಿ ಎಣ್ಣೆ ಬಾಟಲಿಯೊಳಗೇ ಗಟ್ಟಿಯಾಗಿತ್ತು. ಥಂಡಿಯೆಂದರೆ ನನಗಂತೂ ಖುಷಿಯೋ ಖುಷಿ.

ಮಾವ ಪವರ್‌ಲೂಮಿನ ರಾತ್ರಿ ಪಾಳಿ ಮುಗಿಸಿ ಬಂದು, ಉಂಡು, ಫ್ಯಾನ್ ಹಚ್ಚಿ ಮಲಗಿದರು. ಅಲ್ಲೇ ಕೌದಿ ಹೊದ್ದು ಕೂತು ಅತ್ತೆ ಹುರಿದ ಶೇಂಗಾದ ಸಿಪ್ಪೆ ತೆಗೆಯುತ್ತಿದ್ದರು. ಸಿಪ್ಪೆಯೆಲ್ಲ ಗಾಳಿಗೆ ಹಾರಿ ಮನೆ ತುಂಬಿತು. ಅತ್ತೆ ಎದ್ದು ಫ್ಯಾನ್ ಆರಿಸಿದರು.

"ಏ, ಹಚ್ಚ ಅದನ್ನ! ಸಪ್ಪಳ ಇಲ್ಲಂದ್ರ ನನಗ ನಿದ್ದಿ ಹತ್ತಂಗಿಲ್ಲ."

"ಇಲ್ಲಿ ನಾ ಥಂಡ್ಯಾಗ ನಡಗಾಕತ್ತೇನಿ! ಸಪ್ಪಳ ಬೇಕಂದ್ರ ಹೋಗಿ ಮಗ್ಗದ ಬಾಜೂಕ ಮಲ್ಕೋರಿ!"

ಮಾವ ಹಚ್ಚಿದರು, ಅತ್ತೆ ಆರಿಸಿದರು. ಮಾವ ಮತ್ತೆ ಹಚ್ಚಿದರು. ಕೊನೆಗೆ ಅತ್ತೆ ಫ್ಯಾನ್ ಆರಿಸಿ, ಶೇಂಗಾ ಎತ್ತಿಕೊಂಡು ಅಡುಗೆಮನೆಗೆ ಹೋಗಿ ಚಟ್ನಿಗೆಂದು ಮಿಕ್ಸರ್ ಹಚ್ಚಿದರು. ಅದು ಗರ್ರ್ ಎಂದದ್ದೇ ತಡ, ಮಾವನ ಗೊರಕೆ ಶುರು!

ಚಟ್ನಿಯಾಯಿತೆಂದು ಅತ್ತೆ ಮಿಕ್ಸರ್ ನಿಲ್ಲಿಸಿದರು. ಮಾವ ಧಡಕ್ಕನೆ ಎದ್ದು ಕೂತು ಮರಾಠಿಯಲ್ಲಿ ಕೂಗಿದರು: "ಲೈಟ್ ಗೇಲಿ ಕಾ ರೇ?" ಮಗ್ಗಗಳೆಲ್ಲ ಒಮ್ಮೆಲೇ ನಿಂತರೆ ಕರೆಂಟ್ ಹೋಯಿತೆಂದೇ ಅರ್ಥವಲ್ಲವೇ!

ಅತ್ತೆ ನಕ್ಕು ನಕ್ಕು ಕಣ್ಣೊರೆಸಿಕೊಂಡು, "ಬಂತ್ರಿ ಬಂತು, ಮಲ್ಕೋರಿ" ಎಂದು ಮಿಕ್ಸರಿಗೆ ಇನ್ನಷ್ಟು ಶೇಂಗಾ ಸುರಿದರು.

ಸಂಜೆಯೊಳಗೆ ಮನೆಯ ಡಬ್ಬಿಗಳೆಲ್ಲ ತುಂಬಿವೆ, ಥಂಡಿ ಈಗಷ್ಟೇ ಶುರುವಾಗಿದೆ. ಚಟ್ನಿ ಬೇಕಾದವರು ಹಗಲಲ್ಲೇ ಬನ್ನಿ. ಮಾವ ಮಲಗಿದ್ದಾರೆಂದು ಮೆಲ್ಲಗೆ ಮಾತ್ರ ಮಾತಾಡಬೇಡಿ.