ಹಸಿ ಹಾಸಿನ ಕೆಳಗೆ ಓಡಿದವರು

ಓಟ ನಮ್ಮ ಓಣಿಯಲ್ಲೇ ಹಾಯಬೇಕೆಂದು ಸಭೆಯಲ್ಲಿ ಜಗಳ ತೆಗೆದವಳು ನಾನೇ. ಜಮಖಂಡಿಯಲ್ಲಿ ಹೊರಟು ರಬಕವಿಯಲ್ಲಿ ಮುಗಿಯುವ ಇಪ್ಪತ್ತೊಂದು ಕಿಲೋಮೀಟರ್ ಓಟ. ಹುಬ್ಬಳ್ಳಿ, ಪುಣೆ, ಬೆಂಗಳೂರುಗಳಿಂದ ಜನ ಬರುತ್ತಾರೆ, ಓಡುತ್ತಾರೆ, ಊರು ನೋಡಿಕೊಂಡು ಹೋಗುತ್ತಾರೆ ಎಂದರು ಸಂಘಟಕರು. ಆದರೆ ಅವರ ನಕ್ಷೆ ನಮ್ಮ ಬನಹಟ್ಟಿಯ ದೊಡ್ಡ ರಸ್ತೆಗುಂಟ ಹೋಗಿತ್ತು. "ಅಲ್ಲೇನೈತ್ರಿ ನೋಡಾಕ? ಪೆಟ್ರೋಲ್ ಪಂಪ್ ನೋಡಾಕ ಅಷ್ಟು ದೂರದಿಂದ ಬರ್ತಾರೇನ್ರಿ?" ಎಂದೆ. ನನ್ನ ಬಾಯಿಗೆ ಹೆದರಿಯೋ ಏನೋ, ನಮ್ಮ ನೇಕಾರರ ಓಣಿ ನಕ್ಷೆಯೊಳಗೆ ಬಂತು.

ಅವತ್ತಿನಿಂದ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಲಾಡ್ಜುಗಳು ತುಂಬಿದ್ದರಿಂದ ಓಡುವವರನ್ನು ಮನೆಮನೆಗೆ ಹಂಚಿದರು. ನಮ್ಮ ಪಾಲಿಗೆ ಹುಬ್ಬಳ್ಳಿಯ ಬ್ಯಾಂಕಿನಲ್ಲಿ ಕೆಲಸ ಮಾಡುವ ಹುಡುಗಿಯೊಬ್ಬಳು ಬಂದಳು. ಎರಡು ತಾಸಿನೊಳಗೆ ಮುಗಿಸಬೇಕೆಂದು ವರ್ಷದಿಂದ ಒದ್ದಾಡುತ್ತಿದ್ದಳಂತೆ. ರೊಟ್ಟಿ ಬಡಿಯುವ ನನ್ನ ಪಕ್ಕ ಕೂತು, "ಈ ಸಲ ಆಗೇ ಆಗತೈತಿ ಅಕ್ಕಾ," ಎಂದು ಹತ್ತು ಸಲ ಹೇಳಿದಳು. ಓಣಿಯಲ್ಲಿ ಎಲ್ಲರೂ ಖುಷಿಯಾಗಿರಲಿಲ್ಲ, ಸುಳ್ಳು ಯಾಕೆ ಹೇಳಲಿ. ನಳದ ನೀರು ಬರುವ ಹೊತ್ತಿಗೇ ರಸ್ತೆ ಬಂದ್ ಮಾಡಿಸಿದಳು ಎಂದು ಎದುರು ಮನೆಯವಳು ನನ್ನನ್ನು ಬೈಯುತ್ತಲೇ ಬಾಗಿಲಿಗೆ ರಂಗೋಲಿ ಹಾಕಿದಳು.

ನನ್ನ ಮಾವನವರದು ಮಾತ್ರ ಬೇರೆ ಚಿಂತೆ. ಓಣಿಯೆಲ್ಲ ಪವರ್‌ಲೂಮ್ ಸದ್ದು, ಕೈಮಗ್ಗ ಉಳಿದದ್ದು ನಮ್ಮ ಮನೆಯದೊಂದೇ. ಹಿಂದಿನ ಸಲ ಅವರ ಹಾಸು ಗಂಜಿಯಲ್ಲಿ ಅಂಟಿಕೊಂಡು ಪೂರ್ತಿ ಕೆಟ್ಟಿತ್ತು. "ಇನ್ನ ಸಾಕು ಮಾಡ್ರಿ ಅಪ್ಪಾ," ಎಂದು ನನ್ನ ಗಂಡ ಬೆನ್ನು ಬಿದ್ದಾಗ, "ಇನ್ನೊಂದು ಹಾಸ ಹಾಕತೇನಿ. ಅದೂ ಕೆಟ್ಟರ ಮಗ್ಗ ಬಿಚ್ಚರಿ, ನಾ ಒಂದು ಮಾತ ಆಡೂದಿಲ್ಲ," ಎಂದು ಒಪ್ಪಿಕೊಂಡಿದ್ದರು.

ಹಾಸು ಅಂದರೆ ಸೀರೆಯ ಉದ್ದಕ್ಕೆ ಬರುವ ಎಳೆಗಳು. ನಸುಕಿನಲ್ಲಿ ಅವನ್ನು ಓಣಿಯ ಉದ್ದಕ್ಕೂ ಬಿಗಿದು, ಅಡ್ಡಗೋಲುಗಳ ಮೇಲೆ ನಿಲ್ಲಿಸಿ, ಗಂಜಿ ಸವರಿ, ಒಣಗುವ ತನಕ ಕುಂಚ ಎಳೆಯುತ್ತಲೇ ಇರಬೇಕು. ಹಸಿ ಇದ್ದಾಗ ಸುತ್ತುವಂತಿಲ್ಲ, ಸಡಿಲ ಬಿಡುವಂತಿಲ್ಲ.

ಓಟದ ದಿನ ಬೆಳಿಗ್ಗೆ ಬಾಗಿಲು ತೆಗೆದರೆ ನಟ್ಟನಡು ಓಣಿಯಲ್ಲಿ ಹಾಸು! ಗಂಜಿ ಸವರಿ ಆಗಿತ್ತು.

"ಮಾವಾರ, ಓಟ ಆರಕ್ಕ ಐತಿ ಅಂತ ಹೇಳಿದ್ನೆಲ್ರಿ!"

"ಆರಕ್ಕ ಅಂದ್ರ ಏಳೂವರಿ ತಿಳಕೋ ಯವ್ವಾ. ದೊಡ್ಡವರು ಬರಬೇಕು, ಹಾರ ಹಾಕಬೇಕು, ಶಾಲು ಹೊಚ್ಚಬೇಕು, ಭಾಷಣ ಆಗಬೇಕು. ಅವರು ಇಲ್ಲಿ ಬರೂದ್ರಾಗ ನನ್ನ ಹಾಸ ಒಣಗಿರತೈತಿ."

ಅವರನ್ನು ಬೈದು ಏನು ಉಪಯೋಗ? ನಮ್ಮ ಕಡೆ ಯಾವ ಕಾರ್ಯಕ್ರಮ ಹೇಳಿದ ಹೊತ್ತಿಗೆ ಶುರುವಾಗಿದೆ? ಈ ಓಟದವರು ಮಾತ್ರ ಆರು ಅಂದರೆ ಆರಕ್ಕೇ ಬಿಟ್ಟಿದ್ದರು. ಏಳಕ್ಕೆ ಸೀಟಿಯ ಸದ್ದು ಕೇಳಿತು, ತಿರುವಿನಲ್ಲಿ ಮೊದಲ ಓಟಗಾರ ಕಂಡೇಬಿಟ್ಟ. ಅವನ ಹಿಂದೆ ನೂರಾರು ಜನ. ಆಜೂಬಾಜೂ ಹಾಯುವಷ್ಟು ಜಾಗವಿಲ್ಲ, ಮೊಣಕೈ ತಗುಲಿದರೂ ಎಳೆ ಹರಿಯುತ್ತದೆ. ಓಟ ತಂದವಳು ನಾನು, ಮಗ್ಗ ಬಿಚ್ಚಿಸಿದವಳೂ ನಾನೇ ಆಗುತ್ತೇನೆ ಅನಿಸಿತು.

"ಎತ್ತರ್ಲೇ! ಮ್ಯಾಲ ಎತ್ತರಿ!" ಎಂದು ಚೀರಿದೆ.

ನಳದ ಹತ್ತಿರ ನಿಂತವರು ಕೊಡ ಬಿಟ್ಟು ಓಡಿ ಬಂದರು. ಒಂದೊಂದು ಅಡ್ಡಗೋಲಿಗೆ ಆ ಕಡೆ ಒಬ್ಬರು, ಈ ಕಡೆ ಒಬ್ಬರು. ಹುಟ್ಟಾ ನೇಕಾರರು, ಯಾರಿಗೂ ಏನೂ ಹೇಳಿಕೊಡಬೇಕಾಗಲಿಲ್ಲ. ಹಾಸು ಬಿಗಿ ತಪ್ಪದೆ ತಲೆಯ ಮೇಲೆ ಎದ್ದಿತು, ಮದುವೆಯ ಹಂದರದ ಹಾಗೆ. ಅದರ ಕೆಳಗೆ ಓಟಗಾರರು ಬಗ್ಗಿ ಬಗ್ಗಿ ಹಾಯತೊಡಗಿದರು. ಮಾವನವರು ಕಾಯಿಪಲ್ಲೆ ಮಾರುವವಳ ತಳ್ಳುಗಾಡಿ ಹತ್ತಿ ನಿಂತು ಕುಂಚ ಎಳೆದರು, ಗಾಡಿಯನ್ನು ನಾನು ಮತ್ತು ಅವಳು ಹಿಂದೆ ಮುಂದೆ ದೂಡಿದೆವು. ಎಂಥಾ ಗದ್ದಲ, ಎಂಥಾ ನಗು! ನನಗೆ ಹೆದರಿಕೆಯೂ ಖುಷಿಯೂ ಒಟ್ಟಿಗೇ.

ಬರಬರುತ್ತ ಕೈ ಸೋತವು. ನಡುವಿನ ಕೋಲು ಹಿಡಿದಿದ್ದ ಎದುರು ಮನೆಯವಳ ತೋಳು ಇಳಿಯಿತು, ಹಾಸು ಜೋತುಬಿತ್ತು. ಅದೇ ಹೊತ್ತಿಗೆ ನಮ್ಮ ಹುಬ್ಬಳ್ಳಿಯ ಹುಡುಗಿ ಬಂದಳು. ಒಂದು ಕ್ಷಣ ಕೈಗಡಿಯಾರ ನೋಡಿದಳು. ಆಮೇಲೆ ನಿಂತು ಕೋಲು ಹಿಡಿದಳು.

"ನಿನ್ನ ಎರಡು ತಾಸು, ತಂಗಿ!" ಎಂದು ಕೂಗಿದೆ.

"ಮುಂದಿನ ವರ್ಷ ಐತೆಲ್ರಿ ಅಕ್ಕಾ. ಇದು ಎಷ್ಟೊತ್ತು ಹಿಡೀಬೇಕು ಹೇಳ್ರಿ."

ಅವಳನ್ನು ನೋಡಿ ಇನ್ನೊಬ್ಬ ನಿಂತ, ಮತ್ತೆ ಇಬ್ಬರು ನಿಂತರು. ಗುರುತಿಲ್ಲದ ಜನ, ಎದೆಯ ಮೇಲೆ ನಂಬರ್ ಕಟ್ಟಿಕೊಂಡವರು, ನಮ್ಮವರ ಕೈಯಿಂದ ಕೋಲು ತೆಗೆದುಕೊಂಡು ನಿಂತುಬಿಟ್ಟರು. "ಸಡಿಲ ಬಿಡಬ್ಯಾಡ್ರಿ!" ಎಂದು ಮಾವನವರು ಗಾಡಿಯ ಮೇಲಿಂದ ಅವರನ್ನೂ ಗದರಿದರು.

ಕಡೆಯ ಓಟಗಾರ ದಾಟುವಷ್ಟರಲ್ಲಿ ಬಿಸಿಲು ಬಿದ್ದಿತ್ತು. ಮಾವನವರು ಹಾಸಿನ ಮೇಲೆ ಈ ತುದಿಯಿಂದ ಆ ತುದಿಗೆ ಅಂಗೈ ಆಡಿಸಿದರು. ಹರಿದ ಎಳೆಗಳನ್ನು ಒಂದೊಂದಾಗಿ ಗಂಟು ಹಾಕಿದರು. ನನ್ನ ಗಂಡ ಪಕ್ಕದಲ್ಲೇ ನಿಂತಿದ್ದರು. "ಸುತ್ತೋ," ಎಂದರು ಮಾವ ಮಗನಿಗೆ, "ಮಗ್ಗಕ್ಕ ಏರಸೂಣು." ನಾನು ಓಣಿಯಲ್ಲೇ ಕುಣಿದೆ, ಸೊಸೆ ಅನ್ನುವುದನ್ನೂ ಮರೆತು.

ಮೊನ್ನೆ ಸಂಘಟಕರು ಮನೆಗೆ ಬಂದಿದ್ದರು. ಆ ಹಾಸಿನ ಫೋಟೊ ನೋಡಿ ಈ ವರ್ಷ ದುಪ್ಪಟ್ಟು ಜನ ಹೆಸರು ಕೊಟ್ಟಿದ್ದಾರಂತೆ. "ಅಜ್ಜಾರ, ಆವತ್ತ ಒಂದು ಹಾಸ ಕಟ್ಟರಿ. ಗಂಜಿ ಏನೂ ಬ್ಯಾಡ, ಸುಮ್ಮ ನೋಡಾಕ," ಎಂದರು.

ಮಾವನವರು ಮಗ್ಗದಿಂದ ತಲೆ ಎತ್ತಲಿಲ್ಲ.

"ಗಂಜಿ ಇಲ್ಲದ ಹಾಸಕ್ಕ ಯಾರು ನಿಲ್ಲತಾರಪಾ?" ಎಂದರು. "ಆರಕ್ಕ ಬಿಡತೀರಲಾ? ನಾ ಆರೂವರಿಗೆ ಸವರತೇನಿ."