ದಪ್ಪ ಮೊಗ್ಗಿನ ಬ್ಲ್ಯಾಕ್‌ಕರಂಟ್

ವೆನಿಯಮಿನ್ ಸವೇಲಿಚ್ ವೊಲೋಗ್ದಾದ ರೈಲು ಎಂಜಿನ್ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ತಪಾಸಣಾಧಿಕಾರಿಯಾಗಿದ್ದವರು. ನಿವೃತ್ತರಾದ ಮೇಲೆ ತಪಾಸಣೆಗೆ ಎಂಜಿನ್ ಸಿಗದೆ, ಊರಾಚೆ ನಮ್ಮ ದಾಚಾ ಸಾಲಿನ, ಅಂದರೆ ಬೇಸಿಗೆಯ ತೋಟದ ಮನೆಗಳ ಸಾಲಿನ, ಬೇಲಿ, ಬಾವಿ, ಎಲೆಕೋಸುಗಳನ್ನು ತಪಾಸಣೆ ಮಾಡುತ್ತಿದ್ದರು. ನನ್ನ ಎಲೆಕೋಸು ಎರಡು ಸಲ ಫೇಲಾಗಿದೆ. ತಮ್ಮದೇ ತೋಟದ ಮೂರು ಬ್ಲ್ಯಾಕ್‌ಕರಂಟ್ ಎಂಬ ಪುಟ್ಟ ಕಪ್ಪು ಹಣ್ಣಿನ ಪೊದೆಗಳನ್ನು ಮಾತ್ರ ಅವರು ಎಂದೂ ಮುಟ್ಟಿರಲಿಲ್ಲ. ಅದು ಹೆಂಡತಿ ಗ್ಲಫೀರಾ ಅವರ ಇಲಾಖೆ.

ಗ್ಲಫೀರಾ ಹಾಸಿಗೆ ಹಿಡಿದು ವರ್ಷ ಕಳೆದಿತ್ತು. ಹೊಟ್ಟೆಯಲ್ಲಿ ಗಡ್ಡೆ. ಈ ಬೇಸಿಗೆ ದಾಟುವುದು ಕಷ್ಟ ಎಂದು ಡಾಕ್ಟರು ಹೇಳಿದ್ದು ಇಬ್ಬರಿಗೂ ಗೊತ್ತಿತ್ತು, ಒಬ್ಬರಿಗೊಬ್ಬರು ಹೇಳಿಕೊಂಡಿರಲಿಲ್ಲ. ಬಾಯಿಗೆ ಏನೂ ಸೇರುತ್ತಿರಲಿಲ್ಲ. ಜುಲೈನಲ್ಲಿ ಗಿಡದಿಂದ ಆಗತಾನೇ ಕಿತ್ತ ಹಣ್ಣು ಒಂದು ಹಿಡಿ ಬೇಕು. ಆಕೆ ಕೇಳಿದ್ದು ಅದೊಂದನ್ನೇ.

ಹಾಗಾಗಿ ಮಾರ್ಚ್ ಕೊನೆಯಲ್ಲಿ, ಮೊಣಕಾಲುದ್ದದ ಹಿಮದಲ್ಲಿ, ಸವೇಲಿಚ್ ಗಿಡ ಸವರಲು ಹೊರಟರು. ಕೊಂಬೆ ಹಿಡಿದುಕೊಳ್ಳಲು ಪಕ್ಕದ ತೋಟದ ನಾನು. ಒಂದೊಂದು ಕೊಂಬೆಯನ್ನೂ ಕನ್ನಡಕ ಮೇಲೆತ್ತಿ ನೋಡಿ ತೀರ್ಪು ಕೊಟ್ಟರು. ಕೆಲವು ಹಳೆಯ ಕೊಂಬೆಗಳ ಮೇಲೆ ಬಟಾಣಿಯಂಥ ದುಂಡು ಮೊಗ್ಗು. ಹೋದ ವರ್ಷ ಎದ್ದ ಎಳೆಯ ಕೊಂಬೆಗಳ ಮೇಲೆ ಅಕ್ಕಿಕಾಳಿನಂಥ ಚೂಪು ಮೊಗ್ಗು.

"ಇವು ನೋಡಿ, ತಿಂದುಂಡು ಮಲಗೋ ಸೋಮಾರಿಗಳು," ಎಂದು ಎಳೆಯವನ್ನೆಲ್ಲ ಬುಡಕ್ಕೇ ಕತ್ತರಿಸಿದರು. "ದುಡಿಯೋನ ಮೈ ನೋಡಿದ್ರೇ ಗೊತ್ತಾಗುತ್ತೆ."

ನಾನು ತಲೆಯಾಡಿಸಿದೆ. ನನ್ನ ತೋಟದಲ್ಲಿ ಚೆನ್ನಾಗಿ ಬೆಳೆಯುವುದು ತುರಿಕೆ ಗಿಡ ಮಾತ್ರ.

ಸವರಿದ ಕಡ್ಡಿಯನ್ನು ನಮ್ಮಲ್ಲಿ ಬಿಸಾಡುವುದಿಲ್ಲ, ಕುದಿಸಿ ಟೀ ಮಾಡುತ್ತೇವೆ. ಸವೇಲಿಚ್ ಒಂದು ಕಟ್ಟು ಹೊತ್ತು ನನ್ನ ಜೊತೆ ಪಟ್ಟಣದ ಮನೆಗೆ ಬಂದು, ಪದಕ ಒಪ್ಪಿಸುವ ಹಾಗೆ ಹೆಂಡತಿಯ ಹೊದಿಕೆಯ ಮೇಲಿಟ್ಟರು. ಗ್ಲಫೀರಾ ಕಡ್ಡಿಗಳ ಮೇಲೆ ಹೆಬ್ಬೆರಳು ಆಡಿಸಿದರು. ಒಂದನ್ನು ಬಿಟ್ಟು ಇನ್ನೊಂದನ್ನು ಮುಟ್ಟಿ ನೋಡಿದರು.

"ದಪ್ಪ ಮೊಗ್ಗಿಂದು?"

"ಒಂದನ್ನೂ ಮುಟ್ಟಿಲ್ಲ ಕಣೇ. ಎಲ್ಲಾ ಹಾಗೇ ಬಿಟ್ಟಿದೀನಿ."

ಆಕೆ ಕಡ್ಡಿಗಳನ್ನು ಮತ್ತೆ ಕಟ್ಟಾಗಿ ಒಟ್ಟುಮಾಡಿದರು. ಆಮೇಲೆ ಟೀಗೆ ಇಡು, ನಾಲ್ಕು ಕಡ್ಡಿ ನೀರಲ್ಲಿ ನಿಲ್ಲಿಸು, ಹಸಿರು ಎಲೆಯಾದರೂ ಕಾಣಲಿ ಎಂದರು. ಗಂಡ ಅಡುಗೆಮನೆಗೆ ಹೋದ ಮೇಲೆ ನನಗೆ ಮೆಲ್ಲಗೆ ತಿಳಿಸಿದರು: ದುಂಡು ಮೊಗ್ಗಿನೊಳಗೆ ಇರುವುದು ನುಸಿ, ಅದು ಅರಳುವುದಿಲ್ಲ. ಪ್ರತಿ ಮಾರ್ಚಿನಲ್ಲೂ ತಾವು ಅವನ್ನು ಚಿವುಟಿ ಒಲೆಗೆ ಹಾಕುತ್ತಿದ್ದರು. ಹಣ್ಣು ಬಿಡುವುದು ಆ ಎಳೆಯ ಕೊಂಬೆಗಳಲ್ಲೇ. ಹೊಸದಾಗಿ ಎದ್ದು ಹಣ್ಣಾಗಬೇಕೆಂದರೆ ಇನ್ನೊಂದು ವರ್ಷ.

"ಅವನಿಗೆ ಹೇಳ್ಬೇಡಿ," ಎಂದರು. "ನಲವತ್ತು ವರ್ಷ ಅವನ ಭಾಷಣ ತಡ್ಕೊಂಡಿದೀನಿ. ಅವನು ಬಾಯಿ ಮುಚ್ಕೊಂಡು ಕೂರೋದನ್ನ ನೋಡೋ ಶಕ್ತಿ ನನಗಿಲ್ಲ."

ನಾನು ಹೇಳಲಿಲ್ಲ. ಹೇಳಿದ್ದು ಕಡ್ಡಿಗಳು. ಬಿಸಿ ಕೋಣೆಯ ಕಿಟಕಿಯಲ್ಲಿ, ಏಪ್ರಿಲ್ ಮಧ್ಯಕ್ಕೆ, ಅವು ಎಲೆ ಬಿಚ್ಚಿ ಹೂವಿನ ಗೊಂಚಲು ಇಳಿಬಿಟ್ಟವು. ಸವೇಲಿಚ್ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. ಅಂದೇ ಬಸ್ಸು ಹತ್ತಿ ದಾಚಾಗೆ ಹೋದರು. ದಪ್ಪ ಮೊಗ್ಗುಗಳು ಒಣಗಿ ಕಂದಿದ್ದವು. ಒಂದನ್ನು ಉಗುರಿನಿಂದ ಸೀಳಿ ನೋಡಿದರಂತೆ.

ಹಿಂತಿರುಗಿ ಬಂದು ಮಂಚದ ಪಕ್ಕ ಕೂತರು. ನಾನೂ ಅಲ್ಲಿದ್ದೆ.

"ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು, ವೇನ್ಯಾ," ಎಂದರು ಆಕೆ, ಗಂಡನ ಮುದ್ದಿನ ಹೆಸರು ಹಿಡಿದು.

ಆಕೆ ಕಾರ್ಖಾನೆಯ ಸುದ್ದಿ ಎತ್ತಿದರು, ಮೇಲಿನ ಮನೆಯವರ ಸೋರುವ ನಲ್ಲಿಯ ಸುದ್ದಿ ಎತ್ತಿದರು. ಬೇರೆ ದಿನವಾಗಿದ್ದರೆ ಆ ನಲ್ಲಿ ಒಂದಕ್ಕೇ ಒಂದು ಗಂಟೆಯ ಭಾಷಣ ಆಗುತ್ತಿತ್ತು. ಸವೇಲಿಚ್ ಆಕೆಯ ಕೈ ಹಿಡಿದುಕೊಂಡು ನೆಲ ನೋಡುತ್ತಿದ್ದರು.

"ಏನಾದ್ರೂ ಮಾತಾಡೋ, ಮುದುಕಪ್ಪ," ಎಂದರು ಗ್ಲಫೀರಾ.

ಜೂನ್ ಒಂಬತ್ತಕ್ಕೆ ಆಕೆ ತೀರಿಕೊಂಡರು. ಅಷ್ಟು ದಿನದಲ್ಲಿ ಸವೇಲಿಚ್ ಆಡಿದ್ದು ನೀರು ಬೇಕಾ, ದಿಂಬು ಎತ್ತಲಾ, ಇಷ್ಟೇ.