ಮೆತ್ತಬೇಕಾದಲ್ಲಿ ಕೆರೆದವಳು

ದೇವರ ಜೊತೆ ಅವಳು ಮಾತು ಬಿಟ್ಟು ಮೂರು ವರ್ಷವಾಗಿತ್ತು. ಅಣ್ಣ ಆಸ್ಪತ್ರೆಯಲ್ಲಿದ್ದಾಗ ಮನೆಮಂದಿಯೆಲ್ಲ ಹನ್ನೊಂದು ದಿನ ವಾರ್ಡಿನ ಹೊರಗೆ ಕೂತು ಬೇಡಿಕೊಂಡಿದ್ದರು. ಹನ್ನೆರಡನೆಯ ದಿನ ಅಣ್ಣ ಹೋಗಿಬಿಟ್ಟ. ಅಮ್ಮ ಬೇಡುವುದನ್ನು ಬಿಡಲಿಲ್ಲ, ಇವಳು ಬಿಟ್ಟಳು. ನಿನ್ನ ಪಾಡಿಗೆ ನೀನಿರು, ನನ್ನ ಪಾಡಿಗೆ ನಾನಿರುತ್ತೇನೆ ಎಂದು ಮುಖ ತಿರುಗಿಸಿಕೊಂಡವಳು ಓದು ಮುಗಿಸಿ, ಮನೆಯಿಂದ ಒಂದು ಇಡೀ ದಿನದ ಪ್ರಯಾಣದಷ್ಟು ದೂರದ ಆಸ್ಪತ್ರೆಗೆ ತರಬೇತಿಗೆ ಬಂದಳು. ಕೃತಕ ಕಾಲು ಮಾಡುವ ಕೆಲಸ.

ಆಸ್ಪತ್ರೆಯ ಹಿಂದಿನ ಬೀದಿಯಲ್ಲಿ ಬಾಡಿಗೆ ಮನೆ, ಜೊತೆಗೆ ಇನ್ನಿಬ್ಬರು ಇಂಟರ್ನ್‌ಗಳು. ಎಕ್ಸ್‌ರೇ ವಿಭಾಗದವಳು ಬಾಯಿ ತೆರೆದರೆ ಸಾಕು ಸಿಡಿಯುತ್ತಿದ್ದಳು, ಹಾಗಾಗಿ ಪಟಾಕಿ. ಫಿಸಿಯೋಥೆರಪಿಯವಳು ಉಳಿದಿಬ್ಬರಿಗಿಂತ ನಾಲ್ಕು ವರ್ಷ ದೊಡ್ಡವಳು, ಅವಳು ದೊಡ್ಡಕ್ಕ. ಬಂದ ದಿನ ಹಾಸಿಗೆ ಬಿಚ್ಚುವ ಮೊದಲೇ ಟೇಪು ಹಿಡಿದು ಕೋಣೆ ಅಳೆದ ನಮ್ಮವಳಿಗೆ ಇಂಚುಪಟ್ಟಿ ಎಂಬ ಹೆಸರು ಗಟ್ಟಿಯಾಯಿತು.

ಬೆಳಗ್ಗೆ ಆರೂವರೆಗೆ ಆ ಇಬ್ಬರೂ ಅಡುಗೆಮನೆಯ ನೆಲದ ಮೇಲೆ ಹತ್ತು ನಿಮಿಷ ಕೂರುತ್ತಿದ್ದರು. ಒಬ್ಬಳು ಕೈ ಮುಗಿದು, ಇನ್ನೊಬ್ಬಳು ಅಂಗೈ ತೆರೆದು. ಅವರವರ ದೇವರು ಅವರವರಿಗೆ. ಆದರೆ ಪದ್ಧತಿ ಒಂದೇ. ಇವತ್ತು ಯಾವ ರೋಗಿಯ ಮುಂದೆ ನಿಲ್ಲಬೇಕೋ ಅವರನ್ನು ನೆನೆಯುವುದು, ನಿನ್ನೆಯ ಒಂದು ತಪ್ಪನ್ನು ಬಾಯಿಬಿಟ್ಟು ಹೇಳುವುದು. ಇದರಿಂದ ಇಂಚುಪಟ್ಟಿಗೆ ಆಗುತ್ತಿದ್ದ ಲಾಭವೆಂದರೆ ಆ ಹತ್ತು ನಿಮಿಷ ಬಚ್ಚಲುಮನೆ ಖಾಲಿ ಇರುತ್ತಿತ್ತು.

"ಬಾರೇ, ಸುಮ್ನೆ ಕೂತ್ಕೋ," ಎನ್ನುತ್ತಿದ್ದಳು ದೊಡ್ಡಕ್ಕ.

"ಬೇಡ ಅಕ್ಕಾ, ನಾನು ದೇವ್ರ ಜೊತೆ ಮಾತಾಡಲ್ಲ."

"ಮಾತು ಬಿಡೋಕೂ ಎದುರಿಗೆ ಒಬ್ರು ಇರ್ಬೇಕಲ್ವೇನೇ?" ಎಂದು ಪಟಾಕಿ ಸಿಡಿದರೆ, ಇವಳು ಟವೆಲ್ಲು ಹೆಗಲಿಗೆ ಹಾಕಿಕೊಂಡು ಬಾಗಿಲು ಹಾಕಿಕೊಳ್ಳುತ್ತಿದ್ದಳು.

ಐದನೆಯ ತಿಂಗಳು ಮೊದಲಿಂದ ಕೊನೆಯವರೆಗೆ ಒಂದು ಕಾಲನ್ನು ತಾನೇ ಮಾಡುವ ಸರದಿ ಬಂತು. ಬಂದವನು ಬಸ್ ಕಂಡಕ್ಟರ್. ಅಪಘಾತದಲ್ಲಿ ಎಡಗಾಲು ಮಂಡಿಯಿಂದ ಒಂದು ಗೇಣು ಕೆಳಗೆ ತುಂಡಾಗಿತ್ತು. ತಿಂಗಳ ಕೊನೆಗೆ ಡಿಪೋದಲ್ಲಿ ಅವನಿಗೆ ಪರೀಕ್ಷೆ. ಬಸ್ಸು ಹತ್ತಿ ಇಳಿದು ತೋರಿಸಿದರೆ ಮತ್ತೆ ಡ್ಯೂಟಿ, ಇಲ್ಲವಾದರೆ ಮನೆಯಲ್ಲಿ ಕೂರಬೇಕು.

"ಸೀಟ್ ಸಿಕ್ರೂ ಕೂತವನಲ್ಲ ನಾನು. ನಿಲ್ಲಿಸಿಬಿಡಮ್ಮ ನನ್ನ, ಸಾಕು," ಎಂದಿದ್ದ.

ಈ ಕೆಲಸದಲ್ಲಿ ಮೊಂಡುಗಾಲಿನ ಮೇಲೆ ಎಲುಬೆಲ್ಲಿ, ಮಾಂಸವೆಲ್ಲಿ ಎಂದು ಗುರುತು ಹಾಕಿ ಅಚ್ಚು ತೆಗೆದು, ಅದರಲ್ಲಿ ಪ್ಲಾಸ್ಟರ್ ಸುರಿದು ಒಂದು ಗೊಂಬೆಗಾಲು ಮಾಡುತ್ತಾರೆ. ಕಾಲು ಕೂರುವ ಬಟ್ಟಲನ್ನು ಅದರ ಮೇಲೆ ಎರಕ ಹೊಯ್ಯುವುದು. ಮಾಂಸ ಭಾರ ತಡೆಯುವ ಕಡೆ ಗೊಂಬೆಯನ್ನು ಕೆರೆಯಬೇಕು, ಎಲುಬು ಚುಚ್ಚುವ ಕಡೆ ಇನ್ನಷ್ಟು ಪ್ಲಾಸ್ಟರ್ ಮೆತ್ತಬೇಕು, ಆಗ ಬಟ್ಟಲಿನಲ್ಲಿ ಅಲ್ಲಿ ಜಾಗ ಉಳಿಯುತ್ತದೆ. ಎಲ್ಲರಿಗಿಂತ ಮೊದಲು ಮುಗಿಸಿ ಭೇಷ್ ಅನ್ನಿಸಿಕೊಳ್ಳಬೇಕೆಂಬ ಆತುರ ಇವಳಿಗೆ. ಮುಗಿಸಿದಳು, ಅನ್ನಿಸಿಕೊಂಡಳು.

ಕಂಡಕ್ಟರ್ ಆ ಕಾಲು ಹಾಕಿಕೊಂಡು ಎರಡು ದಿನ ಹಲ್ಲು ಕಚ್ಚಿ ನಡೆದ. ಮೂರನೆಯ ದಿನ ಬಿಚ್ಚಿದರೆ ಮಂಡಿಯ ಹೊರಬದಿಯ ಎಲುಬಿನ ಮೇಲೆ ಚರ್ಮ ಕಿತ್ತುಬಂದಿತ್ತು.

"ಕಾಲು ಬಾತಿರಬೇಕು, ಅಲ್ವೇನಮ್ಮಾ?" ಎಂದರು ವರ್ಕ್‌ಶಾಪಿನ ಮೇಷ್ಟ್ರು.

"ಹೌದು ಸಾರ್," ಎಂದಳು.

ಅವರು ಅತ್ತ ಹೋದ ಮೇಲೆ ಕಪಾಟಿನಿಂದ ಗೊಂಬೆಗಾಲು ತೆಗೆದು ಬೆರಳಾಡಿಸಿದಳು. ಉಬ್ಬಿರಬೇಕಾದ ಕಡೆ ತಗ್ಗು! ಎಲುಬಿನ ಗುರುತನ್ನು ಮಾಂಸದ ಗುರುತೆಂದುಕೊಂಡು ಕೆರೆದುಹಾಕಿದ್ದಳು.

ಸಂಜೆ ತಟ್ಟೆಯ ಮುಂದೆ ಕೂತವಳು ಅನ್ನ ಮುಟ್ಟಲಿಲ್ಲ. ಪಟಾಕಿ ಬಿಡುವವಳೇ? ಕೆದಕಿ ಕೆದಕಿ ಬಾಯಿ ಬಿಡಿಸಿದಳು.

"ಹೇಳಿದ್ರೆ ನನ್ನ ಇಂಟರ್ನ್‌ಶಿಪ್ ಹೋಯ್ತು ಕಣೇ," ಎಂದು ಇಂಚುಪಟ್ಟಿ ಅತ್ತಳು.

"ಹೇಳದಿದ್ರೆ?" ಎಂದಳು ದೊಡ್ಡಕ್ಕ. "ಇದೇ ಗೊಂಬೆ ಮೇಲೆ ಇನ್ನೊಂದು ಬಟ್ಟಲು ಹೊಯ್ತಾರೆ. ಅದೂ ಅಲ್ಲೇ ಕಚ್ಚುತ್ತೆ. ಆ ಮನುಷ್ಯ ತನ್ನ ಕಾಲೇ ಸರಿಯಿಲ್ಲ ಅಂದ್ಕೊಂಡು ಮನೇಲಿ ಕೂರ್ತಾನೆ."

ಯಾರೂ ಬೈಯಲಿಲ್ಲ. ತಟ್ಟೆಯ ಅನ್ನ ಆರಿತ್ತು, ಪಟಾಕಿ ಎದ್ದು ಬಿಸಿ ಮಾಡಿ ತಂದಳು.

ಮರುದಿನ ಬೆಳಗ್ಗೆ ಬಚ್ಚಲುಮನೆ ಖಾಲಿಯೇ ಉಳಿಯಿತು. ಇಂಚುಪಟ್ಟಿ ಬಂದು ಅವರಿಬ್ಬರ ನಡುವೆ ಕೂತಳು. ಕೈ ಮುಗಿಯಬೇಕೋ ಅಂಗೈ ತೆರೆಯಬೇಕೋ ತಿಳಿಯದೆ ತೊಡೆಯ ಮೇಲಿಟ್ಟುಕೊಂಡಳು. "ಕಂಡಕ್ಟರ್," ಎಂದಳು ಮೊದಲು. ಆಮೇಲೆ, "ತಪ್ಪು ನಂದು. ಸುಳ್ಳೂ ಹೇಳ್ದೆ. ನಿನ್ನ ಮೇಲೆ ಸಿಟ್ಟು ಇನ್ನೂ ಹೋಗಿಲ್ಲ, ಆದ್ರೂ ಇವತ್ತು ನನ್ನ ಜೊತೆ ಬಾ." ಎರಡೂ ಕಡೆಯಿಂದ ಎರಡು ಭುಜಗಳು ಅವಳಿಗೆ ಒತ್ತಿಕೊಂಡವು. ಈ ಊರಿಗೆ ಬಂದ ಮೇಲೆ ಮೊದಲ ಸಲ ತಾನು ಒಂಟಿಯಲ್ಲ ಅನ್ನಿಸಿತು.

ಗಾಯಕ್ಕೆ ಪಟ್ಟಿ ಬದಲಿಸಲು ಬಂದಿದ್ದ ಕಂಡಕ್ಟರನ ಎದುರಿಗೇ ಮೇಷ್ಟ್ರಿಗೆ ಗೊಂಬೆಗಾಲು ಹಿಡಿದು ತೋರಿಸಿದಳು. "ಕಾಲು ಬಾತಿಲ್ಲ ಸಾರ್. ಮೆತ್ತಬೇಕಾದಲ್ಲಿ ನಾನು ಕೆರೆದಿದ್ದೀನಿ."

ಮೇಷ್ಟ್ರು ಕೆಂಡವಾದರು. "ತಪ್ಪಿಗೆ ಹೊಸ ಅಚ್ಚಿದೆ. ಸುಳ್ಳಿಗೆ ಏನಿದೆ? ಇನ್ನು ಈ ಕಾಲು ಮುಟ್ಟಬೇಡ. ಬೇರೆಯವರು ಮಾಡ್ತಾರೆ."

"ಬೇಡ ಸಾರ್," ಎಂದ ಕಂಡಕ್ಟರ್. ಅವನಿಗೂ ಸಿಟ್ಟು ಬಂದಿತ್ತು, ಮುಖ ಬಿಗಿದಿತ್ತು. "ಎಲ್ಲಿ ಕೆಟ್ಟಿದೆ ಅಂತ ಇವಳಿಗೆ ಗೊತ್ತು. ಇವಳೇ ಮಾಡ್ಲಿ. ಆದ್ರೆ ಈ ಸಲ ನನ್ನ ನೋಯಿಸ್ಬೇಡಮ್ಮ, ಇನ್ನೊಂದು ಸಲ ತಡ್ಕೊಳ್ಳೋ ಶಕ್ತಿ ನನಗಿಲ್ಲ."

ಮೇಷ್ಟ್ರು ಅರೆಮನಸ್ಸಿನಿಂದ ಒಪ್ಪಿದರು. ಗಾಯ ಮಾಯುವವರೆಗೆ ಪರೀಕ್ಷೆ ಮುಂದೂಡಲು ಡಿಪೋಗೆ ಅರ್ಜಿ ಹೋಯಿತು. ಸಿಕ್ಕಿದ್ದು ಮೂರು ವಾರ. ಇಂಚುಪಟ್ಟಿ ಹೊಸ ಅಚ್ಚು ತೆಗೆದಳು. ಪ್ರತಿ ಗುರುತನ್ನೂ ಅವನ ಕಾಲಿನ ಮೇಲೆ ಬೆರಳಿಟ್ಟು, "ಇಲ್ಲಿ ನೋಯುತ್ತಾ ಸಾರ್?" ಎಂದು ಕೇಳಿಯೇ ಹಾಕಿದಳು. ಮೇಷ್ಟ್ರು ಹಿಂದೆ ನಿಂತು ನೋಡಿದರು, ಭೇಷ್ ಅನ್ನಲಿಲ್ಲ. ದಿನಾ ಬೆಳಗ್ಗೆ ಅಡುಗೆಮನೆಯಲ್ಲಿ ಮೂವರೂ ಕಂಡಕ್ಟರನನ್ನು ನೆನೆದರು.

ಪರೀಕ್ಷೆಯ ದಿನ ಮೂವರೂ ರಜೆ ಕೇಳಿ ಡಿಪೋಗೆ ಹೋದರು. ಕಂಡಕ್ಟರ್ ಬಸ್ಸು ಹತ್ತಿದ, ಇಳಿದ. ಅಧಿಕಾರಿ ಮತ್ತೆ ಎಂದರು. ಮತ್ತೆ ಹತ್ತಿ ಇಳಿದ. ಮೂರನೆಯ ಸಲ ಯಾರೂ ಕೇಳದೆಯೇ ಹತ್ತಿ, ಬಾಗಿಲಲ್ಲಿ ಕೈಬಿಟ್ಟು ನಿಂತ. ಅಧಿಕಾರಿ ಕಾಗದಕ್ಕೆ ಸಹಿ ಹಾಕಿದರು.

ಇಂಚುಪಟ್ಟಿಗೆ ಆ ಸಹಿ ಸಾಲದು. ಅವನನ್ನು ಬೆಂಚಿನ ಮೇಲೆ ಕೂರಿಸಿ, ಮಂಡಿಯೂರಿ ಕಾಲು ಬಿಚ್ಚಿದಳು. ಎಲುಬಿನ ಮೇಲಿನ ಚರ್ಮ ಕೆಂಪಾಗಿರಲಿಲ್ಲ. ಹೆಬ್ಬೆರಳಿನಿಂದ ಒತ್ತಿ ನೋಡಿದಳು, ಅವನು ಮುಖ ಹಿಂಡಲಿಲ್ಲ. ಆ ಮೊಂಡುಗಾಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ, ಅಷ್ಟು ಜನರ ಎದುರಿಗೆ, ಅವಳು ಗಟ್ಟಿಯಾಗಿ ದೇವರಿಗೆ ಕೃತಜ್ಞತೆ ಹೇಳತೊಡಗಿದಳು.

ಕಂಡಕ್ಟರ್ ಟೋಪಿ ತೆಗೆದು ಕಣ್ಣೊರೆಸಿಕೊಂಡ. "ನಂದೂ ಸೇರಿಸಿ ಹೇಳಮ್ಮಾ," ಎಂದ. "ನನಗೆ ಮಾತು ಬರ್ತಿಲ್ಲ."